ಜೋಡಿ ಚಕ್ರವೂ ಬಡ ಅಚ್ಚೂ

ಬಸ್ಸಿನ ನಿಲ್ದಾಣದಲ್ಲಿ ಕಾದು ನಿಂತಿರುವಾಗ ವಾಚಕರು ಒಂದು ಸಂಗತಿಯನ್ನು ಗಮನಿಸಬಹುದು. ಬಸ್ಸಿನ ಮುಂದಿನ ಚಕ್ರದ ನಡುಭಾಗವು ಹೊರಕ್ಕೆ ಉಬ್ಬಿಕೊಂಡು, ಬೋರಲು ಹಾಕಿದ ಬೋಗುಣಿಯಂತೆ ಕಾಣುವುದು. ಹಿಂದಿನ ಚಕ್ರದ ನಡುಭಾಗವಾದರೋ ಒಳಕ್ಕೆ ತಗ್ಗಿ, ಅದೇ ಬೋಗುಣಿಯನ್ನು ಅಂಗಾತವಾಗಿ ಇಟ್ಟಂತೆ ಇರುವುದು. ಇವು ಎರಡು ಬಗೆಯ ಚಕ್ರಗಳೆಂದು ತಿಳಿಯುವವರೇ ಹೆಚ್ಚು. ವಾಸ್ತವವಾಗಿ ಎರಡೂ ಒಂದೇ ಅಚ್ಚಿನಲ್ಲಿ ಎರಕವಾದಂತೆ ಒಂದೇ ಆಕಾರದವು. ಹಿಂದೆ ಒಂದೊಂದು ಪಕ್ಕಕ್ಕೂ ಎರಡೆರಡು ಚಕ್ರಗಳನ್ನು ಉಬ್ಬಿಗೆ ಉಬ್ಬು ತಾಗುವಂತೆ ಬೆನ್ನಿಗೆ ಬೆನ್ನು ಕೂರಿಸಿರುತ್ತಾರೆ. ಆದುದರಿಂದ ಹೊರಗಿನ ಚಕ್ರದ ಹೊಟ್ಟೆಯು ನಮ್ಮ ಕಣ್ಣಿಗೆ ಬೀಳುತ್ತದೆ. ಹೀಗೆ ಮಾಡುವುದರಿಂದ ಹೆಚ್ಚುವರಿ ಚಕ್ರವೊಂದನ್ನು ಇಟ್ಟುಕೊಂಡರೆ ಆರು ಸ್ಥಾನಗಳಲ್ಲಿ ಯಾವುದಕ್ಕಾದರೂ ಅದನ್ನು ಹಾಕಬಹುದು. ಅದಕ್ಕಿಂತ ಮುಖ್ಯವಾದ ಪ್ರಯೋಜನವು ಬೇರೊಂದುಂಟು: ಎರಡು ಬೋಗುಣಿಗಳು ಕೂಡುವ ಸ್ಥಳವು ಎರಡು ಟೈರುಗಳ ಸರಿಯಾದ ನಡುವಿಗೆ ಬರುವುದರಿಂದ, ಭಾರವು ಒಳಕ್ಕೂ ಹೊರಕ್ಕೂ ವಾಲದೆ ಚಕ್ರದ ಗುಂಬದ ಮೇಲೆಯೇ ನಿಲ್ಲುತ್ತದೆ. ಜೋಡಿ ಚಕ್ರದ ಗುಟ್ಟೆಲ್ಲವೂ ಇದರಲ್ಲಿದೆ.

ದೊಡ್ಡ ಲಾರಿಗೂ ಬಸ್ಸಿಗೂ ಈ ಏರ್ಪಾಡು ಹುಟ್ಟಿನಿಂದಲೇ ಬಂದದ್ದು. ಆದರೆ ಹಿಂದೆ ಒಂಟಿ ಚಕ್ರದಿಂದಲೇ ಹುಟ್ಟಿದ ಸಣ್ಣ ಪಿಕಪ್ ಗಾಡಿಗೆ, ಕೊಂಡ ಮೇಲೆ, ಇನ್ನೆರಡು ಚಕ್ರಗಳನ್ನು ಸೇರಿಸಬೇಕೆಂಬ ಆಸೆ ಅನೇಕರಿಗೆ ಉಂಟಾಗುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಬಹುಕಾಲದಿಂದ ಇರುವ ಹವ್ಯಾಸ. ಅಲ್ಲಿ ಒಂದು ಟನ್ನು ಹೊರುವ ದೊಡ್ಡ ಪಿಕಪ್ಪುಗಳು ಕಾರ್ಖಾನೆಯಿಂದಲೇ ಜೋಡಿ ಚಕ್ರಗಳೊಡನೆ ಹೊರಬರುತ್ತವೆ. ಅವನ್ನು ಜನರು ಡ್ಯುಯಲಿ ಎಂದು ಕರೆಯುತ್ತಾರೆ. ಸೊಂಟ ಅಗಲವಾಗಿ, ಕುಸ್ತಿಯ ಜಟ್ಟಿಯಂತೆ ನೆಲವನ್ನು ಒತ್ತಿ ನಿಲ್ಲುವ ಆ ಗಾಡಿಗಳನ್ನು ಕಂಡು ಸಣ್ಣ ಗಾಡಿಯ ಒಡೆಯರು ಆಸೆಪಟ್ಟರೆ ಆಶ್ಚರ್ಯವೇನು? ಬರಿಯ ಅಂದಕ್ಕಾಗಿ ಮಾಡಿಸುವವರು ಕೆಲವರು. ಭಾರ ಹೊರಿಸುವುದಕ್ಕಾಗಿ ಮಾಡಿಸುವವರು ಕೆಲವರು. ಮೊದಲನೆಯವರಿಂದ ಅವರ ಹಣದ ಚೀಲಕ್ಕೆ ಮಾತ್ರ ಅಪಾಯ. ಎರಡನೆಯವರ ವಿಷಯವೇ ಇಲ್ಲಿ ವಿಚಾರಿಸತಕ್ಕದ್ದು.

ಇದಕ್ಕೆ ಆ ದೇಶದಲ್ಲಿಯೇ ನಡೆದ ಒಂದು ಉದಾಹರಣೆಯುಂಟು. ೧೯೭೩ರಲ್ಲಿಯೂ ಮತ್ತೆ ೧೯೭೯ರಲ್ಲಿಯೂ ಪೆಟ್ರೋಲಿನ ಬೆಲೆಯು ಜಗತ್ತಿನಲ್ಲೆಲ್ಲಾ ಏರಿಹೋಯಿತು. ಅಮೆರಿಕೆಯಲ್ಲಿ ರಜೆಯ ದಿನಗಳಲ್ಲಿ ಹೆಂಡತಿ ಮಕ್ಕಳೊಡನೆ ದೇಶಸಂಚಾರ ಮಾಡುವುದಕ್ಕಾಗಿ ಮನೆಗಾಡಿಗಳೆಂಬುವಿವೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹ ಇವೆಲ್ಲವೂ ಮೋಟಾರಿನ ಬೆನ್ನ ಮೇಲೆಯೇ ಇರುತ್ತವೆ. ದೊಡ್ಡ ಎಂಜಿನ್ನಿನ ಮನೆಗಾಡಿಯ ಹೊಟ್ಟೆಗೆ ಪೆಟ್ರೋಲು ಹೊಯ್ಯುವುದು ಮಧ್ಯಮ ವರ್ಗದವರಿಗೆ ದುಸ್ಸಾಧ್ಯವಾಗಲು, ಕೋಚು ಕಟ್ಟುವ ಕಂಪೆನಿಗಳವರು ಜಪಾನಿನ ಟೊಯೋಟಾ ಸಣ್ಣ ಟ್ರಕ್ಕಿನ ಕಡೆಗೆ ತಿರುಗಿದರು. ಬೇರೆ ದೇಶಗಳಲ್ಲಿ ಹೈಲಕ್ಸ್ ಎಂದು ಹೆಸರಾಗಿರುವುದು ಇದೇ ಗಾಡಿ. ಎಂಜಿನ್ನಿಗೆ ನಾಲ್ಕೇ ಸಿಲಿಂಡರು. ಗಾತ್ರವು ಮೊದಲು ೨.೨ ಲೀಟರು, ಆಮೇಲೆ ೨.೪ ಲೀಟರು. ಹಿಂಭಾಗದ ತೊಟ್ಟಿಯಿಲ್ಲದೆ ಬರಿಯ ಚ್ಯಾಸಿಸ್ಸನ್ನೂ ಚಾಲಕನ ಕೋಣೆಯನ್ನೂ ತರಿಸಿಕೊಂಡು, ಅದರ ಮೇಲೆ ಚಿನೂಕ್, ಸನ್‌ರೇಡರ್, ಡಾಲ್ಫಿನ್ ಮುಂತಾದ ಹೆಸರುಗಳಿಂದ ಪುಟ್ಟ ಮನೆಗಳನ್ನು ಕಟ್ಟಿದರು. ೧೮ ಅಡಿಯಿಂದ ೨೧ ಅಡಿಯವರೆಗಿನ ಉದ್ದದ ಈ ಮನೆಗಳು ಬಹಳ ಮಾರಾಟವಾದವು. ಮುದಿ ದಂಪತಿಗಳೂ ಮಕ್ಕಳೊಂದಿಗರೂ ಅವುಗಳಲ್ಲಿ ಸಾವಿರಾರು ಮೈಲಿಗಳನ್ನು ಸುತ್ತಿದರು.

ಹಗುರವಾದ ಸಾಮಾನನ್ನು ಹೊರುವುದಕ್ಕೆಂದು ಮಾಡಿದ ಗಾಡಿಯ ಮೇಲೆ ಸಂಸಾರವೇ ಹತ್ತಿ ಕೂತರೆ ಹಿಂದಿನ ಎರಡು ಟೈರುಗಳು ಸಾಲವು. ಆಗ ಹೊಳೆದ ಸುಲಭೋಪಾಯವೇ ಜೋಡಿ ಚಕ್ರ. ಇದ್ದ ಅಚ್ಚನ್ನು ಇದ್ದಂತೆಯೇ ಇಟ್ಟುಕೊಂಡು, ಐದು ಬೋಲ್ಟುಗಳ ಅದೇ ಗುಂಬಕ್ಕೆ ಇನ್ನೊಂದೊಂದು ಚಕ್ರವನ್ನು ಹೊರಗಡೆಯಿಂದ ಬಿಗಿದ ಗಾಡಿಗಳು ಬಹಳ ರಸ್ತೆಗಿಳಿದವು. ನೋಡುವುದಕ್ಕೆ ಲಾರಿಯಷ್ಟೇ ಗಟ್ಟಿ. ಆದರೆ ಕೆಲವು ವರ್ಷಗಳಲ್ಲಿ ಅವುಗಳ ಹಿಂದಿನ ಬೇರಿಂಗುಗಳು ಸವೆದು ಹೋಗುವುದೂ, ಅಚ್ಚಿನ ದಂಡವು ಮುರಿಯುವುದೂ, ಓಡುತ್ತಿರುವಾಗಲೇ ಎರಡು ಚಕ್ರಗಳೂ ಬ್ರೇಕಿನ ಡ್ರಮ್ಮೂ ಒಟ್ಟಿಗೆ ಕಳಚಿಕೊಂಡು ಹೊರಟುಹೋಗುವುದೂ ಕಂಡುಬಂದಿತು. ಮನೆಯ ಗೋಡೆ ಬಿದ್ದರೆ ಓಡಿ ಹೊರಗೆ ಬರಬಹುದು. ಗಂಟೆಗೆ ೫೦ ಮೈಲಿ ಓಡುವ ಮನೆಯ ಕಾಲು ಮುರಿದರೆ ಒಳಗೆ ಮಲಗಿರುವ ಮಗುವಿನ ಗತಿಯೇನು?

ಇಲ್ಲಿ ಅಚ್ಚಿನ ವಿಷಯವನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ಅಚ್ಚು ಎಂಬುದು ಸಂಸ್ಕೃತದ ಅಕ್ಷ ಶಬ್ದದ ತದ್ಭವ. ಋಗ್ವೇದದ ಮೊದಲನೆಯ ಮಂಡಲದ ೧೬೪ನೆಯ ಸೂಕ್ತದಲ್ಲಿ ಕಾಲಚಕ್ರದ ವರ್ಣನೆ ಬರುತ್ತದೆ. ಆ ಚಕ್ರದ ಅಚ್ಚು ಎಷ್ಟು ಭಾರ ಹೊತ್ತರೂ ಕಾಯುವುದಿಲ್ಲ, ಮುರಿಯುವುದಿಲ್ಲವೆಂಬುದನ್ನೇ ಋಷಿಯು ವಿಶೇಷವಾಗಿ ಹೇಳುತ್ತಾನೆ. ಲೌಕಿಕವಾದ ಅಚ್ಚುಗಳು ಕಾಯುತ್ತವೆ, ಮುರಿಯುತ್ತವೆ ಎಂಬುದು ಆ ಕಾಲದ ಬಡಗಿಗಳಿಗೆ ಚೆನ್ನಾಗಿ ತಿಳಿದಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಅದು ಗಾಡಿಯ ಮೈಗೆ ಕಚ್ಚಿಕೊಂಡು ನಿಶ್ಚಲವಾಗಿರುತ್ತದೆ. ಗುಂಬವು ಅದರ ಸುತ್ತಲೂ ತಿರುಗುತ್ತದೆ. ಗುಂಬವು ಹೊರಗೆ ಜಾರದಂತೆ ಕಡಾಣಿಯು ತಡೆಯುತ್ತದೆ. ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿಯು ತನ್ನ ಬೆರಳನ್ನೇ ಕೊಟ್ಟಳೆಂಬ ಕಥೆಯನ್ನು ಮನೆಯ ಹಿರಿಯರಿಂದ ಕೇಳದವರುಂಟೆ? ಗಾಡಿಯ ಅಚ್ಚಿಗೆ ಇರುವ ಕೆಲಸವು ಒಂದೇ, ಭಾರವನ್ನು ಹೊರುವುದು. ಎಳೆಯುವ ಕೆಲಸವು ಎತ್ತುಗಳದು. ಮೋಟಾರಿನಲ್ಲಿ ಎತ್ತುಗಳಿಲ್ಲ. ಎಂಜಿನ್ನಿನ ಶಕ್ತಿಯು ಹಿಂದಿನ ಅಚ್ಚಿನ ಮೂಲಕವೇ ಚಕ್ರಕ್ಕೆ ಬರಬೇಕು. ಆದುದರಿಂದ ಒಂದು ದಪ್ಪವಾದ ಉಕ್ಕಿನ ಕೊಳವೆಯೂ, ಅದರೊಳಗೆ ತಿರುಗುವ ದಂಡವೂ ಇರುತ್ತವೆ. ಕೊಳವೆಗೆ ನಮ್ಮ ಮೆಕಾನಿಕ್ಕುಗಳು ಹೌಸಿಂಗ್ ಎಂದೂ, ದಂಡಕ್ಕೆ ಆಕ್ಸಲ್ ಷಾಫ್ಟು ಎಂದೂ ಹೇಳುತ್ತಾರೆ.

ಈ ಎರಡರಲ್ಲಿ ಭಾರವನ್ನು ಹೊರುವುದು ಯಾವುದು ಎಂಬುದೇ ಪ್ರಶ್ನೆ. ಕಾರುಗಳಲ್ಲಿಯೂ ಹಗುರವಾದ ಪಿಕಪ್ಪುಗಳಲ್ಲಿಯೂ ಚಕ್ರವನ್ನು ನೇರವಾಗಿ ದಂಡದ ತುದಿಗೇ ಬಿಗಿದಿರುತ್ತಾರೆ. ದಂಡವು ಚಕ್ರವನ್ನು ತಿರುಗಿಸಲೂ ಬೇಕು, ಗಾಡಿಯ ಭಾರವನ್ನು ಹೊರಲೂ ಬೇಕು. ಎತ್ತಿನ ಕೆಲಸವನ್ನೂ ಅಚ್ಚಿನ ಕೆಲಸವನ್ನೂ ಒಬ್ಬನೇ ಮಾಡುವನೆಂದಾಯಿತು. ಇದಕ್ಕೆ ಅರೆ ತೇಲುವ ಅಚ್ಚು ಎಂದು ಹೆಸರು. ಲಾರಿಗಳಲ್ಲಿಯಾದರೋ ಗುಂಬವು ಎರಡು ಬೇರಿಂಗುಗಳ ಮೇಲೆ ಹೊರಗಿನ ಕೊಳವೆಯ ತುದಿಯಲ್ಲಿಯೇ ಕುಳಿತಿರುತ್ತದೆ. ಕೊಳವೆಯು ಭಾರವನ್ನು ಹೊರುತ್ತದೆ. ದಂಡವು ಒಳಗೆ ಸುಮ್ಮನೆ ತಿರುಗಿಸುವ ಕೆಲಸವನ್ನು ಮಾತ್ರ ಮಾಡುತ್ತದೆ. ಇದು ಪೂರ್ಣ ತೇಲುವ ಅಚ್ಚು. ಗಾಡಿಯು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ದಂಡವನ್ನು ಹೊರಗೆ ಸೆಳೆದುಬಿಡಬಹುದು, ಚಕ್ರವು ಕದಲುವುದಿಲ್ಲ. ದಂಡವು ಮುರಿದರೂ ಗಾಡಿಯು ಮುಂದಕ್ಕೆ ಹೋಗದೆ ನಿಲ್ಲುವುದೇ ಹೊರತು ಚಕ್ರವು ಬಿಟ್ಟುಹೋಗುವುದಿಲ್ಲ. ವಿಚಾರ ಮಾಡಿ ನೋಡಿದರೆ ಇದು ನಮ್ಮ ಎತ್ತಿನ ಗಾಡಿಯ ಅಚ್ಚೇ, ನಡುವೆ ಟೊಳ್ಳು ಮಾಡಿ ಎತ್ತನ್ನು ಅದರೊಳಗೆ ಕಟ್ಟಿದ್ದಾರೆ ಅಷ್ಟೆ! ಇದನ್ನು ಗುರುತಿಸುವುದು ಕಷ್ಟವಲ್ಲ. ಜೋಡಿ ಚಕ್ರದ ತಗ್ಗಿನೊಳಗಿಂದ ದಪ್ಪನಾದ ಗುಂಬವೊಂದು ಮುಂದಕ್ಕೆ ಚಾಚಿಕೊಂಡಿದ್ದು, ಚಕ್ರದ ಬೋಲ್ಟುಗಳಲ್ಲದೆ ಆ ಗುಂಬದ ಮುಖದ ಮೇಲೆಯೇ ಸಣ್ಣ ಬೋಲ್ಟುಗಳ ಬಳೆಯೊಂದು ಕಂಡರೆ ಸಾಮಾನ್ಯವಾಗಿ ಅದು ಪೂರ್ಣ ತೇಲುವ ಜಾತಿಯದೆಂದು ತಿಳಿಯಬಹುದು.

ತಿರುಗುವ ದಂಡವು ಭಾರ ಹೊತ್ತರೆ ಬರುವ ಕೇಡು ಎಂಥದೆಂಬುದು ರೈಲಿನವರಿಗೆ ಬಹು ಹಿಂದೆಯೇ ತಿಳಿಯಿತು. ೧೮೪೨ರ ಮೇ ತಿಂಗಳ ೮ರಂದು ಫ್ರಾನ್ಸಿನಲ್ಲಿ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ ಜನರನ್ನು ತುಂಬಿಕೊಂಡು ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ ೫೦ಕ್ಕೂ ಹೆಚ್ಚು ಮಂದಿ ಸತ್ತರು. ತಂತಿಯ ತುಂಡನ್ನು ಅತ್ತ ಇತ್ತ ಬಗ್ಗಿಸುತ್ತಿದ್ದರೆ ಅದು ಸ್ವಲ್ಪ ಹೊತ್ತಿಗೆ ಮುರಿಯುವುದನ್ನು ಮಕ್ಕಳೂ ಬಲ್ಲರು. ಭಾರ ಹೊತ್ತು ತಿರುಗುವ ದಂಡದ ಸ್ಥಿತಿಯೂ ಇದೇ. ಅದರ ಮೇಲ್ಮೈಯ ಒಂದೊಂದು ಬಿಂದುವೂ ಒಂದೊಂದು ಸುತ್ತಿನಲ್ಲಿ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಒಂದೇ ಏಟಿಗೆ ಮುರಿಯದ ಉಕ್ಕು, ಅದಕ್ಕಿಂತ ಬಹು ಕಡಮೆಯಾದ ಭಾರವು ಲಕ್ಷಾಂತರ ಸಲ ಬಿದ್ದಾಗ ಮುರಿಯುತ್ತದೆಂಬುದನ್ನು ಜರ್ಮನಿಯ ರೈಲ್ವೆ ಎಂಜಿನಿಯರಾದ ಆಗಸ್ಟ್ ವೋಲರ್ ಎಂಬಾತನು ಮುಂದಿನ ದಶಕಗಳಲ್ಲಿ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿ ತೋರಿಸಿದನು. ಸಣ್ಣ ಪಿಕಪ್ಪಿನ ಚಕ್ರದ ಸುತ್ತಳತೆಯು ಸುಮಾರು ೨ ಮೀಟರು. ಒಂದು ಕಿಲೋಮೀಟರಿಗೆ ಸುಮಾರು ೫೦೦ ಸುತ್ತು. ೨,೦೦೦ ಕಿಲೋಮೀಟರು ಓಡುವಷ್ಟರಲ್ಲಿ ದಂಡವು ೧೦ ಲಕ್ಷ ಸಲ ಹೀಗೆ ಬಗ್ಗಿರುತ್ತದೆ. ಆದಕಾರಣ ಭಾರಿ ಹೊರೆ ಹೊರಿಸಿದ ಮೊದಲನೆಯ ದಿನ ಏನೂ ಆಗಲಿಲ್ಲವೆಂಬ ಧೈರ್ಯವು ಧೈರ್ಯವಲ್ಲ. ಬಿರುಕು ಒಳಗೆ ಬೆಳೆಯುತ್ತಿರುವುದು ಹೊರಗಿನವರಿಗೆ ಕಾಣದು.

ಇನ್ನು ಇಂಥ ಬಡ ಅಚ್ಚಿಗೆ ಹೊರಗಡೆಯಿಂದ ಇನ್ನೊಂದು ಚಕ್ರವನ್ನು ತೊಡಿಸಿದರೆ ಏನಾಗುತ್ತದೆ? ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ನಡೆಯುವುದು ಸುಲಭ. ಅದೇ ಕೊಡವನ್ನು ಕೈ ನೀಡಿ ದೂರಕ್ಕೆ ಹಿಡಿದರೆ ಹತ್ತು ಹೆಜ್ಜೆಗೆ ತೋಳು ಸೋಲುವುದು. ಕೊಡದ ತೂಕ ಹೆಚ್ಚಲಿಲ್ಲ, ದೂರ ಹೆಚ್ಚಿತು. ಲೆಕ್ಕಕ್ಕಾಗಿ ಒಂದು ಪಕ್ಕದ ಭಾರವನ್ನು ೫೦೦ ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಒಂಟಿ ಚಕ್ರದಲ್ಲಿ ಟೈರಿನ ನಡುವು ಬೇರಿಂಗಿನಿಂದ ೪ ಸೆಂಟಿಮೀಟರು ದೂರದಲ್ಲಿದ್ದರೆ ದಂಡವನ್ನು ಬಗ್ಗಿಸುವ ಬಲವು ೨,೦೦೦ದ ಅಳತೆಯಷ್ಟು. ಹೊರಗೆ ಇನ್ನೊಂದು ಚಕ್ರವನ್ನು ಸೇರಿಸಿದ್ದರಿಂದ ಭಾರದ ನಡುವು ೧೨ ಸೆಂಟಿಮೀಟರಿಗೆ ಸರಿದರೆ ಅದು ೬,೦೦೦ ಆಗುತ್ತದೆ. ಒಂದು ಸೇರು ಸಾಮಾನನ್ನೂ ಹೆಚ್ಚಾಗಿ ಹೇರದೆಯೇ ಅಚ್ಚಿನ ಶ್ರಮವು ಮೂರರಷ್ಟಾಯಿತು! ಹೊರಗಿನ ಟೈರೊಂದೇ ಕಲ್ಲಿನ ಮೇಲೆ ಹತ್ತಿದಾಗ ಆ ಪಕ್ಕದ ಭಾರವೆಲ್ಲವೂ ಇನ್ನೂ ಹೊರತುದಿಗೆ ಹೋಗುತ್ತದೆ. ಕಾರ್ಖಾನೆಯ ಜೋಡಿ ಚಕ್ರದಲ್ಲಿ ಬೋಗುಣಿಯ ಆಕಾರದಿಂದ ತಪ್ಪಿಸಿದ ದೋಷವನ್ನೇ ಇಲ್ಲಿ ಹಣ ಕೊಟ್ಟು ಬರಮಾಡಿಕೊಂಡಂತಾಯಿತು.

ಟೈರಿನ ಲೆಕ್ಕವು ಜನರನ್ನು ಮೋಸಗೊಳಿಸುವುದೂ ಇಲ್ಲಿಯೇ. ಆ ಟೊಯೋಟಾ ಮನೆಗಾಡಿಗಳಿಗೆ ಹಾಕುವ ೧೮೫ ಆರ್ ೧೪ ಎಂಬ ಅಳತೆಯ ಟೈರುಗಳ ಪಕ್ಕದಲ್ಲಿ ೧೦೨/೧೦೦ ಎಂಬಂಥ ಅಂಕಿಗಳನ್ನು ಅಚ್ಚುಹಾಕಿರುತ್ತಾರೆ. ಮೊದಲನೆಯದು ಟೈರು ಒಂಟಿಯಾಗಿರುವಾಗ ಹೊರಬಹುದಾದ ಭಾರದ ಗುರುತು, ೮೫೦ ಕಿಲೋಗ್ರಾಂ. ಎರಡನೆಯದು ಜೋಡಿಯಲ್ಲಿರುವಾಗಿನದು, ೮೦೦ ಕಿಲೋಗ್ರಾಂ. ಜೊತೆಗಾರನಿದ್ದರೆ ಒಂದೊಂದರ ಪಾಲು ಸ್ವಲ್ಪ ಕಡಮೆಯೆಂಬುದನ್ನು ವಾಚಕರು ಗಮನಿಸಬೇಕು. ಏಕೆಂದರೆ ಜೋಡಿಯಲ್ಲಿ ಇಬ್ಬರೂ ಸಮನಾಗಿ ಹೊರುವುದು ಅಪರೂಪ. ಒಂಟಿ ಚಕ್ರಗಳೆರಡರಿಂದ ೧,೭೦೦, ಜೋಡಿ ಚಕ್ರಗಳು ನಾಲ್ಕರಿಂದ ೩,೨೦೦. ಈ ೩,೨೦೦ನ್ನು ನೋಡಿದೊಡನೆ ಗಾಡಿಯ ಶಕ್ತಿಯೇ ಇಮ್ಮಡಿಯಾಯಿತೆಂದು ಹಿಗ್ಗುತ್ತಾರೆ. ಹೆಚ್ಚಿದ್ದು ರಬ್ಬರಿನ ಶಕ್ತಿ ಮಾತ್ರ. ಕಮಾನು ಪಟ್ಟಿಗಳು, ಚ್ಯಾಸಿಸ್ಸಿನ ತೊಲೆಗಳು, ಬ್ರೇಕುಗಳು, ಗೇರಿನ ಪೆಟ್ಟಿಗೆ, ಎಲ್ಲಕ್ಕಿಂತ ಮಿಗಿಲಾಗಿ ಅಚ್ಚು, ಇವೆಲ್ಲವೂ ಹಿಂದಿನಂತೆಯೇ ಇವೆ. ತಲೆಯ ಮೇಲಿನ ಸಿಂಬೆಯನ್ನು ಎರಡರಷ್ಟು ದಪ್ಪ ಮಾಡಿದರೆ ಕತ್ತಿನ ಬಲವು ಇಮ್ಮಡಿಯಾಗುವುದೇ?

ಹಾಗಾದರೆ ಜೋಡಿ ಚಕ್ರದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಎತ್ತರವಾದ ಮನೆಯನ್ನು ಹೊತ್ತ ಇಕ್ಕಟ್ಟಿನ ಗಾಡಿಯು ಗಾಳಿಗೂ ತಿರುವಿಗೂ ತೂಗಾಡುವುದನ್ನು ಅಗಲವಾದ ಹಿಂಬದಿಯು ತಡೆಯುತ್ತದೆ. ಒಂದು ಟೈರು ಒಡೆದರೆ ಗಾಡಿಯು ಒಮ್ಮೆಲೇ ಉರುಳದಂತೆ ಇನ್ನೊಂದು ಹಿಡಿಯುತ್ತದೆ. ಆದರೆ ಈ ಫಲಗಳು ಬೇಕಾದರೆ ಚಕ್ರವನ್ನಲ್ಲ, ಅಚ್ಚನ್ನೇ ಬದಲಾಯಿಸಬೇಕು. ಟೊಯೋಟಾದವರ ಒಂದು ಟನ್ನಿನ ಚ್ಯಾಸಿಸ್ಸು ೧೯೮೦ರ ದಶಕದ ನಡುವಿನಿಂದ ಆರು ಬೋಲ್ಟುಗಳ, ಪೂರ್ಣ ತೇಲುವ ಅಚ್ಚಿನೊಡನೆ ದೊರೆಯಲಾರಂಭಿಸಿತು. ಹಳೆಯ ಮನೆಗಾಡಿಗಳಲ್ಲಿ ಅನೇಕವನ್ನು ವಾಪಸು ಕರೆಯಿಸಿ ಅವುಗಳಿಗೂ ಇದೇ ಬಲವಾದ ಅಚ್ಚನ್ನು ಹಾಕಿಕೊಟ್ಟರು. ಆ ಕಾಲದ ಗಾಡಿಗಳು ಈಗಲೂ ಅಲ್ಲಿ ಕೈಬದಲಾಗುತ್ತಿರುವುವು. ಕೊಳ್ಳುವವನು ಒಳಗಿನ ಒಲೆ ಹಾಸಿಗೆಗಳನ್ನು ನೋಡುವುದಕ್ಕೆ ಮುಂಚೆ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತು ಬೋಲ್ಟುಗಳನ್ನು ಎಣಿಸುತ್ತಾನೆ. ಆರಿದ್ದರೆ ಮಾತು ಮುಂದುವರಿಯುತ್ತದೆ. ಐದಿದ್ದರೆ ಅಚ್ಚನ್ನು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು, ಇಲ್ಲವೆ ಎದ್ದು ಬರಬೇಕು.

ಸಣ್ಣ ಪಿಕಪ್ಪನ್ನು ಕ್ರಮವಾಗಿ ಜೋಡಿ ಚಕ್ರಕ್ಕೆ ತಿರುಗಿಸುವ ಕುಶಲಿಗಳು ಅಲ್ಲಿ ಮಾಡುವುದೂ ಇದನ್ನೇ: ಜೋಡಿ ಚಕ್ರಕ್ಕೆಂದೇ ಹುಟ್ಟಿದ ಅಚ್ಚನ್ನು ಬ್ರೇಕು ಸಮೇತ ಇಡಿಯಾಗಿ ತಂದು ಕೂರಿಸುವುದು. ಕೆಲಸವು ಸಣ್ಣದಲ್ಲ. ಕಮಾನುಗಳು ಕೂರುವ ದಿಂಬುಗಳ ಅಂತರವು ಹೊಂದಬೇಕು. ಎಂಜಿನ್ನಿನಿಂದ ಬರುವ ಉದ್ದದ ಷಾಫ್ಟನ್ನು ಅಳತೆಗೆ ಕತ್ತರಿಸಿಯೋ ಬೆಳೆಸಿಯೋ ಸಮತೂಕ ಮಾಡಬೇಕು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಎಳೆತವಿರುವ ಗಾಡಿಯಾದರೆ ಮುಂದಿನ ಹಿಂದಿನ ಹಲ್ಲುಗಾಲಿಗಳ ಪ್ರಮಾಣವು ಒಂದೇ ಇರತಕ್ಕದ್ದು. ಹಿಂದಿನ ಬ್ರೇಕು ದೊಡ್ಡದಾದಾಗ ಮುಂದಿನದರೊಡನೆ ಅದರ ಹೊಂದಿಕೆಯನ್ನು ಮತ್ತೆ ಸರಿಮಾಡಬೇಕು. ಇಲ್ಲದಿದ್ದರೆ ಮಳೆಯ ದಿನ ಹಿಂದಿನ ಚಕ್ರಗಳು ಮೊದಲು ಹಿಡಿದುಕೊಂಡು ಗಾಡಿಯು ಅಡ್ಡ ತಿರುಗುವುದು. ಇಷ್ಟು ಮಾಡಿಯೂ ಚ್ಯಾಸಿಸ್ಸು, ಮುಂದಿನ ಬ್ರೇಕು, ಎಂಜಿನ್ನು ಹಳೆಯವೇ ಆಗಿರುವುದರಿಂದ, ಕಾರ್ಖಾನೆಯವರು ಗೊತ್ತುಮಾಡಿದ ಒಟ್ಟು ತೂಕವು ಒಂದು ಕಿಲೋವಾದರೂ ಹೆಚ್ಚುವುದಿಲ್ಲ. ಇಷ್ಟೆಲ್ಲ ಖರ್ಚುಮಾಡಿ ತೂಕ ಹೆಚ್ಚದ ಮೇಲೆ ಮಾಡುವುದೇತಕ್ಕೆಂದು ಕೇಳಿದರೆ, ನನಗೆ ಉತ್ತರ ತೋರದು, ಹವ್ಯಾಸಿಗಳನ್ನು ಕೇಳಬೇಕು.

ಜೋಡಿ ಚಕ್ರದ ಗಾಡಿಯನ್ನು ಹುಟ್ಟಿನಿಂದಲೇ ಹಾಗೆ ಕೊಂಡವರಿಗೂ ನಾಲ್ಕು ಮಾತು ಪ್ರಯೋಜನವಾಗಬಹುದು. ಜೋಡಿಯ ಎರಡು ಟೈರುಗಳು ಸಮನಾಗಿ ಸವೆದಿರಬೇಕು. ಸಣ್ಣ ಟೈರುಗಳಲ್ಲಿ ವ್ಯಾಸದ ಅಂತರವು ಕಾಲು ಅಂಗುಲ, ಎಂದರೆ ೬ ಮಿಲಿಮೀಟರನ್ನು, ಮೀರಬಾರದೆಂದು ಬಲ್ಲವರು ಹೇಳುತ್ತಾರೆ. ಮೀರಿದರೆ ದೊಡ್ಡದು ಭಾರವನ್ನೆಲ್ಲಾ ಹೊತ್ತು ಕಾಯುವುದು, ಸಣ್ಣದು ನೆಲಕ್ಕೆ ಉಜ್ಜಿ ಸವೆಯುವುದು. ಒಳಗಿನ ಟೈರಿನ ಗಾಳಿ ಇಳಿದಿದ್ದರೂ ಹೊರಗಿನದು ಎತ್ತಿ ಹಿಡಿದಿರುವುದರಿಂದ ಕಣ್ಣಿಗೆ ತಿಳಿಯದು. ಅದನ್ನು ಅಳತೆಯಿಂದಲೇ ನೋಡಬೇಕು. ಎರಡರ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ಹೊರಡುವುದಕ್ಕೆ ಮೊದಲೇ ತೆಗೆಯಬೇಕು. ಅದು ಟೈರನ್ನು ಕೊಯ್ಯುವುದಲ್ಲದೆ ಸಿಡಿದು ಹಿಂದೆ ಬರುವವರ ಮುಖಕ್ಕೂ ಬಡಿಯಬಹುದು. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯುವುದನ್ನು ಮರೆಯಕೂಡದು.

ನಮ್ಮ ನಾಡಿನಲ್ಲಿ ಈ ಆಸೆಯು ಅಂದಕ್ಕಾಗಿ ಹುಟ್ಟುವುದಕ್ಕಿಂತ ಹೊಟ್ಟೆಪಾಡಿಗಾಗಿ ಹುಟ್ಟುವುದೇ ಹೆಚ್ಚು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪಿಕಪ್ ಗಾಡಿಯನ್ನಿಟ್ಟುಕೊಂಡು ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹಣ್ಣನ್ನು ಹೊಡೆಯುತ್ತಾನೆ. ಸಾಲದ ಕಂತು ತಿಂಗಳು ತಿಂಗಳು ಕಟ್ಟಬೇಕು. ಮನೆಯಲ್ಲಿ ಓದುವ ಮಕ್ಕಳಿಬ್ಬರು. ಅವನು ಒಂದು ದಿನ ಬಂದು, “ಮೇಷ್ಟ್ರೇ, ಹಿಂದೆ ಡಬಲ್ ಟೈರು ಹಾಕಿಸಿಬಿಟ್ಟರೆ ಸರದಿಗೆ ಇನ್ನೂ ೪೦ ಕ್ರೇಟು ಹೊಡೆಯಬಹುದು. ಒಬ್ಬರು ಮಾಡಿಕೊಡುತ್ತೇನೆ ಅಂದಿದ್ದಾರೆ” ಎಂದನು. ಒಂದು ಕ್ರೇಟಿಗೆ ೧೫ ಕಿಲೋ. ನಲವತ್ತಕ್ಕೆ ೬೦೦ ಕಿಲೋ. “ಕ್ರೇಟನ್ನು ಹೊರುವುದು ಟೈರಲ್ಲಪ್ಪ, ಅಚ್ಚು” ಎಂದು ಮೇಲೆ ಬರೆದುದನ್ನೆಲ್ಲಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆನು. ಅವನು ಕೇಳಿದನು, ಆದರೆ ಅವನ ಮನಸ್ಸಿಗೆ ತಾಗಿದ್ದು ಅಚ್ಚಿನ ಮಾತಲ್ಲ, ಕಾನೂನಿನ ಮಾತು.

ಅದನ್ನೂ ಹೇಳಿಬಿಡುತ್ತೇನೆ. ೧೯೮೮ರ ಮೋಟಾರು ವಾಹನಗಳ ಕಾನೂನಿನ ೫೨ನೆಯ ಕಲಮಿನಂತೆ, ತಯಾರಿಸಿದವರು ಗೊತ್ತುಮಾಡಿ ನೋಂದಣಿ ಪತ್ರದಲ್ಲಿ ಬರೆಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಒಂದು ವ್ಯಾಜ್ಯದಲ್ಲಿ ಈ ನಿಯಮವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ ಇಂಥ ಒಂದೊಂದು ಮಾರ್ಪಾಟಿಗೂ ಗಾಡಿಯ ಒಡೆಯನಿಗೆ ೫,೦೦೦ ರೂಪಾಯಿಯವರೆಗೆ ದಂಡವನ್ನೋ ಆರು ತಿಂಗಳವರೆಗೆ ಸೆರೆಯನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದು. ಮಿತಿಮೀರಿದ ಭಾರಕ್ಕೆ ಬೇರೆಯಾಗಿ ೨೦,೦೦೦ ರೂಪಾಯಿ. ಅದರ ಮೇಲೆ ಹೆಚ್ಚಿನ ಒಂದೊಂದು ಟನ್ನಿಗೂ ೨,೦೦೦. ಅಪಘಾತವೇನಾದರೂ ಸಂಭವಿಸಿದರೆ ವಿಮೆಯವರು ಮೊದಲು ನೋಡುವುದು ಗಾಡಿಯನ್ನು ತಿದ್ದಿದ್ದಾರೆಯೇ ಎಂಬುದನ್ನು.

ಅವನು ಲೆಕ್ಕ ಹಾಕುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದನು. “ಹಾಗಾದರೆ ಎರಡು ಸರದಿಯೇ ಗತಿ” ಎಂದು ಎದ್ದನು. ಡೀಸೆಲಿನ ಖರ್ಚು ಹೆಚ್ಚುವುದು, ಬೆಳಗಿನ ಹರಾಜಿಗೆ ಎರಡನೆಯ ಸರದಿ ತಡವಾದರೆ ಬೆಲೆ ಇಳಿಯುವುದು, ಇವೆಲ್ಲವೂ ನಿಜವೇ. ಟಾಟಾದವರ ೪೦೭ ಎಂಬ, ೧೯೮೬ರಿಂದ ರಸ್ತೆಯಲ್ಲಿರುವ ಆರು ಚಕ್ರದ ಗಾಡಿಯ ಜಾತಿಯದೊಂದು ಹಳೆಯದು ಚಿಂತಾಮಣಿಯ ಕಡೆ ಮಾರಾಟಕ್ಕಿದೆಯಂತೆ. ಬರುವ ಸುಗ್ಗಿಗೆ ಅದನ್ನು ಕೊಳ್ಳುವ ಯೋಚನೆಯಲ್ಲಿದ್ದಾನೆ. ಮೆಕಾನಿಕ್ಕನ್ನು ಕರೆದುಕೊಂಡು ಹೋಗೆಂದು ಹೇಳಿದ್ದೇನೆ.